ಬಣ್ಣ ನೋಡಿ ಬೀಜ ಇಡಬೇಡಿ

ಕೆಂಪು, ನೇರಳೆ, ನೀಲಿ, ಕಿತ್ತಳೆ ಕಾಳುಗಳೆಲ್ಲ ಒಂದೇ ತೆನೆಯಲ್ಲಿ ಒತ್ತಾಗಿ ಕೂತಿದ್ದ ಮುಸುಕಿನ ಜೋಳದ ಚಿತ್ರವೊಂದು 2012ರಲ್ಲಿ ಜಗತ್ತಿನ ತುಂಬ ಹರಿದಾಡಿತು. ಗ್ಲಾಸ್ ಜೆಮ್ ಎಂಬ ಆ ತಳಿಯನ್ನು ಅಮೆರಿಕದ ಒಕ್ಲಹೋಮದ ರೈತ ಕಾರ್ಲ್ ಬಾರ್ನ್ಸ್ ವರ್ಷಗಟ್ಟಲೆ ಆರಿಸಿ ಆರಿಸಿ ರೂಪಿಸಿದ್ದರು. ಅದು ಅರಳುವ ಜೋಳ, ಅಂದರೆ ಪಾಪ್‌ಕಾರ್ನ್ ಕೂಡ ಹೌದು. ಅಲ್ಲಿಂದೀಚೆಗೆ ನಮ್ಮ ಕೈತೋಟದವರಿಗೂ ಬಣ್ಣದ ಪಾಪ್‌ಕಾರ್ನ್ ಬೆಳೆಯುವ ಆಸೆ ಹತ್ತಿದೆ. ಶ್ರೀನಿವಾಸಪುರ ತಾಲ್ಲೂಕಿನಲ್ಲಿ, ಆಂಧ್ರದ ಗಡಿಗೆ ಹತ್ತಿರವಿರುವ ಗೌನಿಪಲ್ಲಿಯಂಥ ಊರಿನ ಹಿತ್ತಲಲ್ಲಿ ಇದನ್ನು ಬೆಳೆಯಲು ಅಡ್ಡಿಯೇನಿಲ್ಲ. ಕೆಂಪು ಮಣ್ಣಿದೆ, ಬಿಸಿಲಿದೆ, ಮನೆ ಮುಂದೆ ತಿಪ್ಪೆಗೊಬ್ಬರವಿದೆ. ತೊಡಕು ಬರುವುದು ಮೊದಲ ಬೆಳೆ ಕೈಗೆ ಬಂದ ಮೇಲೆ, ಮುಂದಿನ ವರ್ಷಕ್ಕೆ ಬೀಜ ಎತ್ತಿಡುವ ಹೊತ್ತಿನಲ್ಲಿ. ಅತಿ ಚೆಂದದ ತೆನೆಯನ್ನೇ ಬೀಜಕ್ಕಿಡಬೇಕೆಂದು ಕೈ ತಾನಾಗಿಯೇ ಹೋಗುತ್ತದೆ. ಹಾಗೆ ಮಾಡಿದರೆ ಕೆಲವೇ ಬೆಳೆಗಳಲ್ಲಿ ಬಣ್ಣ ಉಳಿದು ಪಾಪ್‌ಕಾರ್ನ್ ಕಳೆದುಹೋಗಬಹುದು. ಕಾಳಿನ ಬಣ್ಣ ಮತ್ತು ಕಾಳು ಅರಳುವ ಗುಣ ಬೇರೆ ಬೇರೆ ದಾರಿ ಹಿಡಿದು ಬರುತ್ತವೆ. ಒಂದನ್ನು ನೋಡಿ ಇನ್ನೊಂದನ್ನು ಊಹಿಸಲು ಬರುವುದಿಲ್ಲ ಎಂಬುದನ್ನು ಈ ಅಧ್ಯಾಯದಲ್ಲಿ ಬಿಡಿಸಿ ಹೇಳಬೇಕಿದೆ.

ಮೊದಲು ಅರಳುವುದರ ವಿಚಾರ. ಪಾಪ್‌ಕಾರ್ನ್ ಕಾಳೊಂದನ್ನು ಉದ್ದಕ್ಕೆ ಸೀಳಿದರೆ ಹೊರಗಡೆ ತೆಳ್ಳನೆಯ ಗಟ್ಟಿ ಸಿಪ್ಪೆ ಕಾಣುತ್ತದೆ. ಅದರೊಳಗೆ ಗಾಜಿನ ಹಾಗೆ ಬೆಳಕು ಹಾಯುವ ಗಡಸು ಪಿಷ್ಟ, ನಟ್ಟನಡುವೆ ಸ್ವಲ್ಪವೇ ಸ್ವಲ್ಪ ಮೆತ್ತನೆಯ ಬಿಳಿ ಪಿಷ್ಟ, ಬುಡದಲ್ಲಿ ಮೊಳಕೆ. ಕಾಳಿನ ತೂಕದಲ್ಲಿ ಶೇ. 14ರಷ್ಟು ನೀರಿದ್ದಾಗ ಅದು ಚೆನ್ನಾಗಿ ಅರಳುತ್ತದೆ. ಕಾಯಿಸಿದಾಗ ಈ ನೀರು ಆವಿಯಾಗಲು ನೋಡುತ್ತದೆ, ಸಿಪ್ಪೆ ಬಿಡುವುದಿಲ್ಲ. ಒಳಗಿನ ಒತ್ತಡ ವಾತಾವರಣದ ಒತ್ತಡದ ಸುಮಾರು ಒಂಬತ್ತು ಪಟ್ಟು ಏರುತ್ತದೆ, ಗಡಸು ಪಿಷ್ಟ ಕರಗಿ ಗಂಜಿಯಂತಾಗುತ್ತದೆ. ಕೊನೆಗೆ ಸಿಪ್ಪೆ ಸೀಳುತ್ತಲೇ ಆ ಗಂಜಿ ನೊರೆಯಾಗಿ ಉಬ್ಬಿ, ಹೊರಗಿನ ಗಾಳಿ ತಗುಲಿ ಹಾಗೇ ಗಟ್ಟಿಯಾಗುತ್ತದೆ. ಫ್ರಾನ್ಸ್‌ನ ಎಮ್ಯಾನುಯೆಲ್ ವಿರೋ ಮತ್ತು ಅಲೆಕ್ಸಾಂಡ್ರ್ ಪೊನೊಮಾರೆಂಕೊ 2015ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ 170 ಡಿಗ್ರಿ ಸೆಲ್ಸಿಯಸ್‌ಗೆ ಮೂರರಲ್ಲೊಂದು ಕಾಳು ಮಾತ್ರ ಅರಳಿತು. ಹತ್ತು ಡಿಗ್ರಿ ಏರಿಸಿದ್ದೇ ಶೇ. 96ರಷ್ಟು ಅರಳಿದವು. ಇಷ್ಟು ಕರಾರುವಾಕ್ಕಾಗಿ ಒಂದು ಮಿತಿಯವರೆಗೆ ಆವಿಯನ್ನು ತಡೆದು ಆಮೇಲೆ ಸೀಳುವುದು ಸಿಪ್ಪೆಯ ಕೆಲಸ. ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದಲ್ಲಿ ಬ್ರೂಸ್ ಹಾಮಕರ್ ಅವರ ತಂಡ 2005ರಲ್ಲಿ ತೋರಿಸಿದಂತೆ, ಚೆನ್ನಾಗಿ ಅರಳುವ ತಳಿಗಳ ಸಿಪ್ಪೆಯಲ್ಲಿ ಸೆಲ್ಯುಲೋಸ್ ಹೆಚ್ಚು ಒಪ್ಪವಾಗಿ ಹರಳುಗಟ್ಟಿ ತೇವವನ್ನು ಸೋರದಂತೆ ಹಿಡಿದಿಡುತ್ತದೆ. ಸಿಪ್ಪೆಯಲ್ಲಿ ಕೂದಲೆಳೆಯಷ್ಟು ಬಿರುಕಿದ್ದರೂ ಆವಿ ಸೋರಿ ಕಾಳು ಗಟ್ಟಿಯಾಗಿಯೇ ಉಳಿಯುತ್ತದೆ. ತೆನೆಯನ್ನು ಬಡಿದು ಕಾಳು ಬಿಡಿಸಬಾರದು, ಎರಡು ತೆನೆ ಒಂದಕ್ಕೊಂದು ಉಜ್ಜಿ ಬಿಡಿಸಬೇಕು ಎನ್ನುವುದು ಇದಕ್ಕೇ.

ಕೋಲಾರದ ಸೀಮೆಯವರಿಗೆ ಇದರಲ್ಲಿ ಅರ್ಧ ಪಾಠ ಹಿಂದಿನಿಂದಲೂ ಗೊತ್ತು. ಹುರಿಹಿಟ್ಟಿಗೆ ರಾಗಿ ಹುರಿಯುವ ಮುನ್ನ ಕಾಳಿಗೆ ನೀರು ಚಿಮುಕಿಸಿ, ಕಲೆಸಿ, ಒಂದಷ್ಟು ಹೊತ್ತು ಮುಚ್ಚಿಡುತ್ತಾರೆ. ಆಮೇಲೆ ಚೆನ್ನಾಗಿ ಕಾದ ಬಾಣಲೆಗೋ ಬಿಸಿ ಮರಳಿಗೋ ಹಿಡಿ ಹಿಡಿಯಾಗಿ ಹಾಕಿ ಅರಳಿಸುತ್ತಾರೆ. ಮೈಸೂರಿನ ಸಿಎಫ್‌ಟಿಆರ್‌ಐನಲ್ಲಿ ಮಲ್ಲೇಶಿ ಮತ್ತು ದೇಶಿಕಾಚಾರ್ 1981ರಲ್ಲಿ ಬೇರೆ ಬೇರೆ ರಾಗಿ ತಳಿಗಳು ಎಷ್ಟೆಷ್ಟು ಅರಳುತ್ತವೆ ಎಂದು ಹೋಲಿಸಿ ನೋಡಿದ್ದರು. ರಾಗಿಗೆ ಬೇಕಾದ ತೇವಾಂಶ ಶೇ. 19ರ ಹತ್ತಿರ, ಪಾಪ್‌ಕಾರ್ನ್‌ಗಿಂತ ಹೆಚ್ಚು. ರಾಗಿಯ ಹೊದಿಕೆ ಮುಸುಕಿನ ಜೋಳದ ಸಿಪ್ಪೆಯಷ್ಟು ಬಿಗಿಯಾಗಿಲ್ಲ, ಆವಿ ಸೋರುವುದರೊಳಗೆ ಕೆಲಸ ಮುಗಿಯಬೇಕಾದ್ದರಿಂದ ನೀರೂ ಹೆಚ್ಚು ಬೇಕು, ಕಾವೂ ಒಮ್ಮೆಲೇ ತಗುಲಬೇಕು. ಕಾಳು ಯಾವುದೇ ಇರಲಿ, ಅರಳುವುದನ್ನು ತೀರ್ಮಾನಿಸುವುದು ಸಿಪ್ಪೆ, ತೇವ ಮತ್ತು ಪಿಷ್ಟದ ಗಡಸುತನ. ಕೆಂಪು ರಾಗಿ ಅರಳಿದಾಗಲೂ ಒಳಗಿನ ಹೂ ಬೆಳ್ಳಗೇ ಇರುತ್ತದೆ, ಕೆಂಪು ಬಣ್ಣ ಸಿಪ್ಪೆಯ ಚೂರಿಗೆ ಅಂಟಿಕೊಂಡಿರುತ್ತದೆ.

ಬಣ್ಣದ ಪಾಪ್‌ಕಾರ್ನ್‌ನಲ್ಲಿಯೂ ಆಗುವುದು ಅಷ್ಟೇ. ತೆನೆಯ ಮೇಲಿನ ಕೆಂಪು, ನೇರಳೆ, ನೀಲಿ ಬಣ್ಣಗಳೆಲ್ಲ ಕಾಳಿನ ಮೇಲ್ಪದರಗಳಲ್ಲಿ ಮಾತ್ರ ಇರುತ್ತವೆ. ಇಟ್ಟಿಗೆಗೆಂಪು, ಕಡುಗೆಂಪು ಬಣ್ಣ ಸಾಮಾನ್ಯವಾಗಿ ಹೊರಸಿಪ್ಪೆಯದು. ನೀಲಿ, ನೇರಳೆ ಸಾಮಾನ್ಯವಾಗಿ ಸಿಪ್ಪೆಯ ಒಳಗಿರುವ, ಒಂದೇ ಒಂದು ಜೀವಕೋಶದಷ್ಟು ದಪ್ಪದ ಅಲ್ಯೂರೋನ್ ಪದರದ್ದು. ಜಂಬುನೇರಳೆಗೆ ಬಣ್ಣ ಕೊಡುವ ಆಂಥೋಸಯನಿನ್ ಗುಂಪಿನ ವಸ್ತುಗಳೇ ಇಲ್ಲಿಯೂ ಇವೆ. ಹಳದಿ ಒಂದು ಮಾತ್ರ ಪಿಷ್ಟದ ಒಳಕ್ಕೂ ಇಳಿದಿರುತ್ತದೆ, ಅದು ಕ್ಯಾರೊಟಿನಾಯ್ಡ್‌ಗಳಿಂದ ಬಂದದ್ದು. ಹಾಗಾಗಿ ಎಷ್ಟೇ ಕಪ್ಪಾದ ಕಾಳು ಅರಳಿದರೂ ಬಟ್ಟಲಲ್ಲಿ ಸಿಗುವುದು ಬಿಳಿ ಅಥವಾ ತಿಳಿಹಳದಿ ಹೂವೇ, ಬಣ್ಣವೆಲ್ಲ ಚೂರಾದ ಸಿಪ್ಪೆಯಲ್ಲಿ. ಬಣ್ಣವಿದ್ದರೆ ಆರೋಗ್ಯಕ್ಕೆ ಒಳ್ಳೆಯದಲ್ಲವೇ, ಅದಕ್ಕಾದರೂ ಬಣ್ಣ ನೋಡಿ ಆರಿಸಬೇಕಲ್ಲವೇ ಎಂದು ಕೇಳುವವರಿದ್ದಾರೆ. ಸಿಪ್ಪೆಯನ್ನೂ ತಿನ್ನುತ್ತೇವಾದ್ದರಿಂದ ಒಂದಿಷ್ಟು ಆಂಥೋಸಯನಿನ್ ಹೊಟ್ಟೆ ಸೇರುವುದು ನಿಜ. ಆದರೆ ಒಂದು ಹಿಡಿ ಕಾಳಿನಲ್ಲಿ ಸಿಪ್ಪೆಯ ಪಾಲೇ ತೀರ ಚಿಕ್ಕದು, ಅದರಲ್ಲಿರುವ ಬಣ್ಣದ ಮೇಲೆ 180 ಡಿಗ್ರಿಯ ಕಾವು ಹಾದುಹೋಗಿರುತ್ತದೆ. ಆಂಥೋಸಯನಿನ್ ಬೇಕೆಂದವರಿಗೆ ಮುಂಗಾರಿನ ಹೊತ್ತಿಗೆ ಈ ಸೀಮೆಯಲ್ಲೇ ಸಿಗುವ ನೇರಳೆ ಹಣ್ಣು ಎಷ್ಟೋ ಮೇಲು. ಪಾಪ್‌ಕಾರ್ನ್ ಒಳ್ಳೆಯ ತಿನಿಸೇ. ಇಡೀ ಧಾನ್ಯ, ನಾರು ಇದೆ, ಎಣ್ಣೆ ಉಪ್ಪು ಹಿತವಾಗಿದ್ದರೆ ಮಕ್ಕಳಿಗೂ ಹಿಡಿಸುತ್ತದೆ. ಅದು ಬಿಳಿ ಪಾಪ್‌ಕಾರ್ನ್‌ಗೂ ಅಷ್ಟೇ ಸಲ್ಲುವ ಮಾತು.

ಇನ್ನು ಬಣ್ಣ ಹೇಗೆ ಬರುತ್ತದೆ ಎಂಬುದಕ್ಕೆ ತೆನೆಯನ್ನು ಹತ್ತಿರದಿಂದ ನೋಡಬೇಕು. ಮುಸುಕಿನ ತುದಿಯಿಂದ ಇಳಿಬೀಳುವ ಕೂದಲಿನ ಒಂದೊಂದು ಎಳೆಯೂ ಒಳಗಿನ ಒಂದೊಂದು ಕಾಳಿಗೆ ಅಂಟಿದೆ. ಗಿಡದ ನೆತ್ತಿಯ ಗಂಡು ಹೂವಿನಿಂದ ಗಾಳಿಗೆ ತೂರಿದ ಪರಾಗದ ಕಣ ಎಳೆಯ ಮೇಲೆ ಕೂತು, ಅದರೊಳಗೆ ನಾಳ ಬೆಳೆಸಿಕೊಂಡು, ಸುಮಾರು ಒಂದು ದಿನದಲ್ಲಿ ಬುಡ ಮುಟ್ಟುತ್ತದೆ. ಪರಾಗ ಸಿಗದ ಎಳೆಯ ಬುಡದಲ್ಲಿ ಕಾಳು ಕಟ್ಟುವುದಿಲ್ಲ, ತೆನೆಯಲ್ಲಿ ಹಲ್ಲುದುರಿದಂತೆ ಜಾಗ ಖಾಲಿ ಉಳಿಯುತ್ತದೆ. ಹತ್ತಡಿಗೆ ಹತ್ತಡಿ ಪಾತಿಯಲ್ಲಿ ಎರಡಡಿಗೊಂದು ಸಾಲು ಹಾಕಿ ಚೌಕವಾಗಿ ಬಿತ್ತಬೇಕು, ಬೇಲಿಗುಂಟ ಒಂದೇ ಸಾಲು ಬಿತ್ತಿದರೆ ತೆನೆ ತುಂಬುವುದಿಲ್ಲ ಎಂಬ ಸಲಹೆ ಹುಟ್ಟಿದ್ದು ಇಲ್ಲಿಂದ. ಪ್ರತಿ ಎಳೆಗೂ ಪರಾಗ ಬೇರೆ ಗಿಡದಿಂದ ಬಂದಿರಬಹುದು. ಒಂದು ತೆನೆಯ ಮುನ್ನೂರು ಕಾಳುಗಳಿಗೆ ತಾಯಿ ಒಬ್ಬಳೇ, ತಂದೆಯರು ಹಲವರು. ಪರಾಗದಿಂದ ಬಂದ ಎರಡು ಗಂಡು ಕಣಗಳಲ್ಲಿ ಒಂದು ಮೊಳಕೆಯನ್ನು ಹುಟ್ಟಿಸುತ್ತದೆ, ಇನ್ನೊಂದು ತಾಯಿಯ ಎರಡು ಕೋಶಕೇಂದ್ರಗಳ ಜೊತೆ ಕೂಡಿ ಪಿಷ್ಟದ ಭಾಗವನ್ನೂ ಅಲ್ಯೂರೋನನ್ನೂ ಹುಟ್ಟಿಸುತ್ತದೆ. ಆದ್ದರಿಂದ ತಂದೆಯ ಬಣ್ಣ ಮಗುವಿನ ಕಾಳಿನಲ್ಲಿ ಅದೇ ವರ್ಷ, ಅದೇ ತೆನೆಯಲ್ಲಿ ಕಾಣಿಸಿಕೊಂಡುಬಿಡುತ್ತದೆ. ಹ್ಯೂಗೊ ದ ವ್ರೀಸ್ ಮತ್ತು ಕಾರ್ಲ್ ಕಾರೆನ್ಸ್ 1899ರಲ್ಲಿ ಈ ಒಗಟು ಬಿಡಿಸಿದರು. ಮರುವರ್ಷವೇ ಮೆಂಡೆಲ್‌ನ ಮರೆತುಹೋಗಿದ್ದ ನಿಯಮಗಳನ್ನು ಲೋಕದ ಗಮನಕ್ಕೆ ತಂದವರಲ್ಲಿ ಇವರಿಬ್ಬರೂ ಇದ್ದರು. ಕಾಳಿನ ಮೇಲಿನ ಚುಕ್ಕೆ, ಗೆರೆಗಳನ್ನೇ ಬೆನ್ನಟ್ಟಿದ ಬಾರ್ಬರಾ ಮೆಕ್ಲಿಂಟಾಕ್, ವಂಶವಾಹಿಗಳು ಇದ್ದಲ್ಲೇ ಇರುವುದಿಲ್ಲ, ಜಾಗ ಬದಲಿಸುತ್ತವೆ ಎಂದು 1950ರಲ್ಲಿ ಬರೆದರು. ಬಣ್ಣದ ವಂಶವಾಹಿಯೊಳಗೆ ನುಗ್ಗಿ ಅದನ್ನು ಕೆಡಿಸಿದ್ದ ತುಣುಕು ಕಾಳು ಬೆಳೆಯುವಾಗ ಹೊರಬಿದ್ದರೆ, ಆ ಕೋಶದ ಸಂತಾನವೆಲ್ಲ ನೇರಳೆಯಾಗಿ ಒಂದು ಚುಕ್ಕೆ ಮೂಡುತ್ತದೆ. ಬಹುಕಾಲ ಒಪ್ಪಿಗೆ ಸಿಗದ ಆ ಮಾತಿಗೆ 1983ರಲ್ಲಿ ನೊಬೆಲ್ ಬಂತು. ಹಿತ್ತಲಲ್ಲಿ ಬೆಳೆದ ಚುಕ್ಕೆಕಾಳಿನ ತೆನೆಯೊಂದನ್ನು ಶಾಲೆಯ ಮಕ್ಕಳ ಕೈಗೆ ಕೊಟ್ಟರೆ ತಳಿಶಾಸ್ತ್ರದ ದೊಡ್ಡ ಶೋಧವೊಂದನ್ನು ಕೊಟ್ಟಂತೆಯೇ ಸರಿ. ಬಣ್ಣದ ಜೋಳ ಬೆಳೆಯಲು ಇದೊಂದೇ ಕಾರಣ ಸಾಕು.

ಈಗ ಮುಖ್ಯ ವಿಷಯಕ್ಕೆ ಬರೋಣ. ಅಲ್ಯೂರೋನಿನ ಬಣ್ಣ ತಂದೆ ಯಾರೆಂಬುದನ್ನು ಈ ವರ್ಷವೇ ಹೇಳಬಲ್ಲದು, ಸಿಪ್ಪೆ ಹೇಳಲಾರದು. ಸಿಪ್ಪೆ ಪೂರ್ತಿ ತಾಯಿಯ ಅಂಗಾಂಶ. ಪರಾಗ ಯಾರದೇ ಬೀಳಲಿ, ಈ ಬೆಳೆಯ ಕಾಳಿಗೆ ತಾಯಿ ಗಿಡದ ಸಿಪ್ಪೆಯೇ ಇರುತ್ತದೆ. ಹೊರಗಿನ ಪರಾಗದಿಂದ ಆದ ಕೇಡು ಸಿಪ್ಪೆಯಲ್ಲಿ ಕಾಣುವುದು ಆ ಕಾಳನ್ನು ಬಿತ್ತಿ, ಅದು ಗಿಡವಾಗಿ, ಆ ಗಿಡ ತನ್ನ ತೆನೆಗೆ ತಾನೇ ಸಿಪ್ಪೆ ಹೊಲಿದಾಗ, ಅಂದರೆ ಒಂದು ಬೆಳೆ ತಡವಾಗಿ. ಗೌನಿಪಲ್ಲಿ ಸುತ್ತಿನಲ್ಲಿ ಇದು ಪುಸ್ತಕದ ಮಾತಾಗಿ ಉಳಿಯುವುದಿಲ್ಲ. ಕೋಲಾರ ಜಿಲ್ಲೆ ಹಾಲಿನ ಜಿಲ್ಲೆ. ಸೀಮೆಹಸು ಕಟ್ಟಿದವರು ಅಂಗೈಯಗಲ ನೀರಾವರಿ ಇದ್ದರೂ ಮೇವಿಗೆ ಆಫ್ರಿಕನ್ ಟಾಲ್‌ನಂಥ ಎತ್ತರದ ಜೋಳ ಬಿತ್ತುತ್ತಾರೆ. ಮೇವಿನ ಜೋಳ ಕೊಯ್ಯುವುದು ಹೂ ಬಂದ ಮೇಲೆಯೇ, ಅಷ್ಟರಲ್ಲಿ ಅದರ ಪರಾಗ ಗಾಳಿಗೆ ಹೋಗಿರುತ್ತದೆ. ಆ ಪರಾಗ ನಮ್ಮ ನೇರಳೆ ಪಾಪ್‌ಕಾರ್ನ್ ಕೂದಲಿಗೆ ಬಿತ್ತೆನ್ನಿ. ನೇರಳೆಯ ವಂಶವಾಹಿಗಳು ಸಾಮಾನ್ಯವಾಗಿ ಮೇಲುಗೈಯವು, ಆದ್ದರಿಂದ ಬೆರಕೆಯಾದ ಕಾಳೂ ನೇರಳೆಯಾಗಿಯೇ ಕಾಣುತ್ತದೆ. ತೆನೆ ಚೆಲುವಾಗಿದೆ, ಬೀಜಕ್ಕಿಡುತ್ತೇವೆ. ಮುಂದಿನ ವರ್ಷ ಗಿಡ ಎತ್ತರ ಬರುತ್ತದೆ, ತೆನೆ ದಪ್ಪವಾಗುತ್ತದೆ, ಬೆರಕೆಯಿಂದ ಹುರುಪೂ ಹೆಚ್ಚಿರುತ್ತದೆ. ಕಣ್ಣಿಗೆ ಎಲ್ಲವೂ ಸುಧಾರಿಸಿದಂತೆಯೇ ತೋರುತ್ತದೆ, ಬಾಣಲೆಯಲ್ಲಿ ಮಾತ್ರ ಅರ್ಧ ಕಾಳು ಸುಮ್ಮನೆ ಕರಿಯಾಗುತ್ತದೆ. ಬಣ್ಣವಷ್ಟೇ ಸಾಕ್ಷಿಯಾದರೆ ಈ ಕೇಡು ಹೊರಬೀಳುವುದೇ ಇಲ್ಲ.

ಇದಕ್ಕೊಂದು ಗಟ್ಟಿ ಆಕ್ಷೇಪಣೆ ಇದೆ. ಪಾಪ್‌ಕಾರ್ನ್‌ನ ಅನೇಕ ತಳಿಗಳಲ್ಲಿ ಜಿಎ1 ಎಂಬ ವಂಶವಾಹಿಯ ಬಲವಾದ ರೂಪವಿರುತ್ತದೆ. ಅದಿರುವ ಗಿಡದ ಕೂದಲಿನಲ್ಲಿ ಸಾಮಾನ್ಯ ಜೋಳದ ಪರಾಗನಾಳ ಬುಡದವರೆಗೆ ಬೆಳೆಯಲಾರದು, ಅರ್ಧದಾರಿಯಲ್ಲೇ ಸೋಲುತ್ತದೆ. ಹಾಗಿದ್ದರೆ ಬೆರಕೆಯ ಭಯವೇಕೆ? ಭಯ ಇರಬೇಕಾದ್ದು ಏಕೆಂದರೆ ಈ ಕಾವಲು ಎಲ್ಲ ತಳಿಗಳಲ್ಲೂ ಇಲ್ಲ. ಹಲವು ಬಗೆಯ ಜೋಳಗಳನ್ನು ಬೆರೆಸಿ ಬಣ್ಣಕ್ಕಾಗಿಯೇ ಆರಿಸಿದ ಬೀಜರಾಶಿಯಲ್ಲಿ ಕೆಲವು ಗಿಡಕ್ಕಿದ್ದು ಕೆಲವಕ್ಕೆ ಇಲ್ಲದಿರಬಹುದು, ನೋಟಕ್ಕೆ ಅದು ತಿಳಿಯುವುದಿಲ್ಲ. ಆದ್ದರಿಂದ ಅಂತರ ಕಾಯುವುದೇ ಕ್ಷೇಮ. ಪ್ರಮಾಣಿತ ಬೀಜೋತ್ಪಾದನೆಯಲ್ಲಿ ಒಂದು ತಳಿಯಿಂದ ಇನ್ನೊಂದಕ್ಕೆ 200 ಮೀಟರ್ ಬಿಡಬೇಕೆಂಬ ನಿಯಮವಿದೆ. ಊರೊಳಗಿನ ಹಿತ್ತಲಿಗೆ ಅದು ಸಾಧ್ಯವಿಲ್ಲ, ಹೂವಿನ ಕಾಲವನ್ನು ಬೇರೆ ಮಾಡುವುದು ಸಾಧ್ಯವಿದೆ. ಪಕ್ಕದ ಮೇವಿನ ಜೋಳಕ್ಕೂ ನಮ್ಮ ಪಾತಿಗೂ ಬಿತ್ತನೆಯಲ್ಲಿ ಮೂರು ನಾಲ್ಕು ವಾರದ ವ್ಯತ್ಯಾಸವಿದ್ದರೆ ಸಾಕು. ನೆರೆಯವರನ್ನು ಕೇಳಿ ಬಿತ್ತುವುದು ಇಲ್ಲಿ ಮರ್ಯಾದೆಯ ಮಾತೂ ಹೌದು, ವಿಜ್ಞಾನವೂ ಹೌದು.

ಬಿತ್ತನೆಯ ಕಾಲಕ್ಕೆ ಇನ್ನೊಂದು ಲೆಕ್ಕವೂ ಇದೆ. ಜೂನ್‌ನಲ್ಲಿ ಬಿತ್ತಿದರೆ ತೆನೆ ಒಣಗಬೇಕಾದ ಹೊತ್ತಿಗೆ ಸರಿಯಾಗಿ ಉತ್ತರೆ, ಹಸ್ತ, ಚಿತ್ತೆ ಮಳೆಗಳು ಹಿಡಿಯುತ್ತವೆ. ಕೋಲಾರಕ್ಕೆ ಸೆಪ್ಟೆಂಬರ್, ಅಕ್ಟೋಬರ್ ತಿಂಗಳೇ ಹೆಚ್ಚು ಮಳೆಯವು. ಮುಸುಕಿನೊಳಗೆ ನೀರಿಳಿದು ಬೂಷ್ಟು ಬಂದ ಕಾಳು ಬೀಜಕ್ಕೂ ಬೇಡ, ತಿನ್ನಲಂತೂ ಬೇಡವೇ ಬೇಡ. ಮಾರ್ಚ್, ಏಪ್ರಿಲ್‌ನ ಬಿರುಬಿಸಿಲಿಗೆ ಹೂ ಬಂದರೆ ಪರಾಗ ಬೇಗ ಸಾಯುತ್ತದೆ, ಕೂದಲು ಬಾಡುತ್ತದೆ. ಮಖೆ ಮಳೆಯ ಹೊತ್ತಿಗೆ, ಆಗಸ್ಟ್ ನಡುವಿನ ನಂತರ ಬಿತ್ತಿದರೆ ಅಕ್ಟೋಬರ್‌ನಲ್ಲಿ ಹೂ, ಡಿಸೆಂಬರ್‌ನಲ್ಲಿ ಒಣ ಹವೆಗೆ ತೆನೆ. ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿದರೆ ಆಗಲೂ ಮಳೆ ಬರುವುದುಂಟು, ಆದರೂ ಇದೇ ವಾಸಿ. ಸಾವಿರ ಅಡಿ ದಾಟಿದ ಕೊಳವೆಬಾವಿಗಳ ಸೀಮೆಯಲ್ಲಿ ಜೋಳಕ್ಕೆ ನೀರು ಹಾಕುವುದು ಸರಿಯೇ ಎಂಬ ಪ್ರಶ್ನೆಗೂ ಇಲ್ಲೇ ಉತ್ತರವಿದೆ. ಮುಸುಕಿನ ಜೋಳಕ್ಕೆ ಒಂದು ಬೆಳೆಗೆ 500ರಿಂದ 600 ಮಿಲಿಮೀಟರ್ ನೀರು ಬೇಕು. ಹತ್ತಡಿ ಚೌಕದ ಪಾತಿಗೆ ಲೆಕ್ಕ ಹಾಕಿದರೆ ಇಡೀ ಬೆಳೆಗೆ ಸುಮಾರು ಐದು ಸಾವಿರ ಲೀಟರ್. ಈ ಕಾಲದಲ್ಲಿ ಅದರ ಬಹುಪಾಲನ್ನು ಮಳೆಯೇ ಕೊಡುತ್ತದೆ, ಉಳಿದದ್ದಕ್ಕೆ ಪಾತ್ರೆ, ತರಕಾರಿ ತೊಳೆದ ನೀರು ಸಾಲುತ್ತದೆ. ಎಕರೆಗಟ್ಟಲೆ ಬೆಳೆಯಬೇಕೆಂದು ಇಲ್ಲಿ ಯಾರಿಗೂ ಹೇಳುತ್ತಿಲ್ಲ. ಅಂಥ ಜಾಗದಲ್ಲಿ ರಾಗಿಯೇ ಸರಿ.

ಹುಳುವಿನ ಮಾತನ್ನೂ ತಪ್ಪಿಸುವಂತಿಲ್ಲ. ಅಮೆರಿಕ ಮೂಲದ ಫಾಲ್ ಸೈನಿಕ ಹುಳು ಭಾರತದಲ್ಲಿ ಮೊದಲು ಕಂಡದ್ದು ನಮ್ಮ ಶಿವಮೊಗ್ಗದಲ್ಲೇ, 2018ರ ಮೇ ತಿಂಗಳಲ್ಲಿ. ಸುಳಿಯೊಳಗೆ ಮರದಪುಡಿಯಂಥ ಹಿಕ್ಕೆ ಕಂಡರೆ ಅದು ಬಂದಿದೆ ಎಂದೇ ತಿಳಿಯಬೇಕು. ಅರವತ್ತು ಎಪ್ಪತ್ತು ಗಿಡದ ಪಾತಿಯಲ್ಲಿ ಎಲೆ ಮಗುಚಿ ಮೊಟ್ಟೆಯ ಗುಂಪನ್ನು ಹೊಸಕುವುದು, ಸುಳಿಗೆ ಚಿಟಿಕೆ ಮರಳೋ ಬೂದಿಯೋ ಹಾಕುವುದು, ಬೇವಿನ ಬೀಜದ ಕಷಾಯ ಸಿಂಪಡಿಸುವುದು ಕೈಲಾಗುವ ಕೆಲಸ. ಬೀಜ ತರಿಸುವಾಗ ಎಚ್ಚರ ಇನ್ನೂ ಹೆಚ್ಚು ಬೇಕು. ಸಸ್ಯ ಸಂಪರ್ಕನಿಷೇಧದ 2003ರ ಆದೇಶದಂತೆ, ಪರವಾನಗಿ ಮತ್ತು ರೋಗಮುಕ್ತ ಪತ್ರ ಇಲ್ಲದೆ ಹೊರದೇಶದಿಂದ ಅಂಚೆಯಲ್ಲಿ ಬೀಜ ತರಿಸುವ ಹಾಗಿಲ್ಲ. ಸೈನಿಕ ಹುಳುವಿನ ಕಥೆ ಗೊತ್ತಿರುವ ನಾಡಿಗೆ ಆ ನಿಯಮದ ಬೆಲೆ ಬೇರೆ ಹೇಳಬೇಕಿಲ್ಲ. ಹೊರಗಿನದೇ ಬೇಕೆಂದೂ ಇಲ್ಲ. ಸಿಕ್ಕಿಂನಲ್ಲಿ ಒಂದೇ ಗಿಡಕ್ಕೆ ಐದಾರು, ಕೆಲವೊಮ್ಮೆ ಅದಕ್ಕೂ ಹೆಚ್ಚು ಪುಟ್ಟ ತೆನೆ ಬಿಡುವ, ಅರಳುವ ಜೋಳದ ಹಳೆಯ ತಳಿಯೊಂದನ್ನು ಎನ್. ಎಲ್. ಧವನ್ 1964ರಲ್ಲಿ ವಿಜ್ಞಾನಿಗಳ ಗಮನಕ್ಕೆ ತಂದಿದ್ದರು. ಈಶಾನ್ಯದ ಗುಡ್ಡಗಳಲ್ಲಿ ಬಣ್ಣದ ಜೋಳ ಮನೆಮನೆಯ ಬೆಳೆ. ಬಿಳಿ, ಹಳದಿ ಪಾಪ್‌ಕಾರ್ನ್‌ಗೆ ಅಲ್ಮೋರಾದ ಸಂಶೋಧನಾ ಸಂಸ್ಥೆಯ ವಿಎಲ್ ಅಂಬರ್‌ನಂಥ ತಳಿಗಳಿವೆ. ಜೋಳವೇ ನಮ್ಮದಲ್ಲವಲ್ಲ ಎನ್ನುವವರಿಗೆ, ಟೊಮೆಟೊ ಮತ್ತು ಮೆಣಸಿನಕಾಯಿಯೂ ಅಮೆರಿಕ ಖಂಡದಿಂದ ಬಂದವೇ ಎಂದು ಕೋಲಾರದ ಮಾರುಕಟ್ಟೆಯ ಕಡೆ ಕೈ ತೋರಿಸಿದರೆ ಸಾಕು. ಸೋಮನಾಥಪುರದ ಹೊಯ್ಸಳ ಶಿಲ್ಪಗಳ ಕೈಯಲ್ಲಿರುವುದು ಮುಸುಕಿನ ಜೋಳದ ತೆನೆ ಎಂದು ಕಾರ್ಲ್ ಜೊಹಾನೆಸ್ಸನ್ ಮತ್ತು ಆನ್ ಪಾರ್ಕರ್ 1989ರಲ್ಲಿ ವಾದಿಸಿದರು, ಅಲ್ಲವೆಂದು ಪಾಯಕ್ ಮತ್ತು ಸಚನ್ 1993ರಲ್ಲಿ ಉತ್ತರಿಸಿದರು. ಅಷ್ಟು ಹಳೆಯ ಕಾಳು ನಮ್ಮ ನೆಲದಲ್ಲಿ ಸಿಕ್ಕಿದ ಖಚಿತ ಪುರಾವೆ ಇಲ್ಲದಿರುವಾಗ ಪಾಯಕ್ ಅವರ ಕಡೆಯೇ ನನ್ನ ಒಲವು.

ಹಾಗಾದರೆ ಬೀಜ ಆರಿಸುವುದು ಹೇಗೆ? ಬಾಣಲೆಯಿಂದ. ಕೊಯ್ದ ತೆನೆಗಳ ಮುಸುಕು ಸುಲಿದು, ಎಲ್ಲವನ್ನೂ ಒಂದೇ ಕಡೆ, ಇಲಿಗೆ ಸಿಗದಂತೆ, ನೆರಳಿನಲ್ಲಿ ಗಾಳಿಗೆ ತೂಗುಹಾಕಬೇಕು. ಪ್ರತಿ ತೆನೆಗೂ ಗುರುತಿನ ದಾರ ಕಟ್ಟಬೇಕು. ಕೆಲವು ವಾರ ಕಳೆದ ಮೇಲೆ ತೆನೆಗೆ ಇಪ್ಪತ್ತೈದರಂತೆ ಕಾಳು ಬಿಡಿಸಿ, ಒಂದೇ ಉರಿ, ಒಂದೇ ಅಳತೆ ಎಣ್ಣೆಯಲ್ಲಿ ಬೇರೆ ಬೇರೆಯಾಗಿ ಅರಳಿಸಿ, ಅರಳದೆ ಉಳಿದದ್ದನ್ನು ಎಣಿಸಬೇಕು. ಈ ಪರೀಕ್ಷೆ ತೇವವನ್ನು ಅಳೆಯುತ್ತದೆಯೇ ಹೊರತು ತಳಿಯನ್ನಲ್ಲ ಎಂದು ಯಾರಾದರೂ ಹೇಳಿದರೆ ಆ ಮಾತಿನಲ್ಲಿ ಹುರುಳಿದೆ. ಹಸಿ ತೆನೆಯ ಕಾಳು ನಾರುನಾರಾಗಿ ಚಿಕ್ಕದಾಗಿ ಅರಳುತ್ತದೆ, ಅತಿ ಒಣಗಿದ್ದು ಅರಳುವುದೇ ಇಲ್ಲ. ಒಂದೇ ಜಾಗದಲ್ಲಿ ವಾರಗಟ್ಟಲೆ ತೂಗಿದ ತೆನೆಗಳ ತೇವ ಹೆಚ್ಚುಕಡಿಮೆ ಒಂದೇ ಮಟ್ಟಕ್ಕೆ ಬರುವುದರಿಂದ, ಆಮೇಲೂ ಉಳಿಯುವ ವ್ಯತ್ಯಾಸದಲ್ಲಿ ತಳಿಯ ಪಾಲು ದೊಡ್ಡದು. ಎಲ್ಲ ತೆನೆಯೂ ಸೋತರೆ ಮಾತ್ರ ತೇವದ ಮೇಲೆ ಅನುಮಾನ ಪಡಬೇಕು. ಲೀಟರ್ ಡಬ್ಬಿ ತುಂಬ ಕಾಳಿಗೆ ಒಂದು ದೊಡ್ಡ ಚಮಚ ನೀರು ಹಾಕಿ, ಮುಚ್ಚಿ, ದಿನಕ್ಕೆರಡು ಸಲ ಕುಲುಕಿ, ಮೂರು ನಾಲ್ಕು ದಿನ ಬಿಟ್ಟು ಮತ್ತೆ ಅರಳಿಸಿ ನೋಡಬೇಕು. ಬಾಣಲೆಯಲ್ಲಿ ಪರೀಕ್ಷೆಯಾದದ್ದು ತಾಯಿಯ ಸಿಪ್ಪೆ, ತಂದೆಯ ಗುಣ ಇನ್ನೂ ಗೊತ್ತಾಗಿಲ್ಲ ಎಂಬುದೂ ನಿಜ. ಈ ವರ್ಷ ನುಸುಳಿದ ಬೆರಕೆಯನ್ನು ಬಾಣಲೆ ಹಿಡಿಯುವುದು ಮುಂದಿನ ವರ್ಷ. ತಡವಾಗಿಯಾದರೂ ಹಿಡಿಯುತ್ತದೆ, ಕಣ್ಣಿಗೆ ಅದೂ ಆಗುವುದಿಲ್ಲ. ಅರಳುವುದರಲ್ಲಿ ಗೆದ್ದ ತೆನೆಗಳ ನಡುವೆ ಬಣ್ಣ ನೋಡಿ ಆರಿಸಿಕೊಳ್ಳಲು ಯಾವ ಅಡ್ಡಿಯೂ ಇಲ್ಲ.

ಗೆದ್ದವು ಎರಡೇ ತೆನೆಯಾದರೂ ಅವೆರಡರಿಂದಲೇ ಬೀಜ ಮಾಡಬಾರದು. ಮುಸುಕಿನ ಜೋಳ ಹೊರಸಂಬಂಧಕ್ಕೆ ಒಗ್ಗಿದ ಗಿಡ. ಸ್ವಂತ ಪರಾಗದಿಂದ ಹುಟ್ಟಿದ ಜೋಳದ ಗಿಡಗಳು ಗಿಡ್ಡವಾಗುತ್ತವೆ ಎಂದು ಚಾರ್ಲ್ಸ್ ಡಾರ್ವಿನ್ 1876ರ ಪುಸ್ತಕದಲ್ಲೇ ಅಳತೆ ಸಮೇತ ತೋರಿಸಿದ್ದ. ಕೆಲವೇ ತೆನೆಯ ಬೀಜವನ್ನು ವರ್ಷ ವರ್ಷ ಬಿತ್ತುತ್ತ ಹೋದರೂ ಸೊರಗುವಿಕೆ ಶುರುವಾಗುತ್ತದೆ. ಒಂದು ಹಿತ್ತಲಿನ ಅರವತ್ತು ಗಿಡ ಸಾಲದು. ಒಂದೇ ಬೀಜ ಹಂಚಿಕೊಂಡು ಊರಿನ ಏಳೆಂಟು ಮನೆಗಳಲ್ಲಿ ಬೆಳೆದು, ಪ್ರತಿ ಮನೆಯಲ್ಲೂ ಬಾಣಲೆಯಲ್ಲಿ ಗೆದ್ದ ತೆನೆಗಳಿಂದ ಒಂದೊಂದು ಹಿಡಿ ಕಾಳನ್ನು ಬೆರೆಸಿ, ಮತ್ತೆ ಹಂಚಿಕೊಂಡರೆ ತಳಿ ಸೊರಗದೆ ನಿಲ್ಲುತ್ತದೆ. ಸೋತ ತೆನೆಗಳ ಕಾಳನ್ನು ಗಿರಣಿಗೆ ಹಾಕಿಸಿ ರೊಟ್ಟಿ ಹಿಟ್ಟು ಮಾಡಬಹುದು, ಕೋಳಿಗೂ ಹಾಕಬಹುದು. ಬಿತ್ತುವ ಡಬ್ಬಿಗೆ ಮಾತ್ರ ಅದರ ಒಂದು ಕಾಳೂ ಸೇರಬಾರದು.